ಅಗ್ಗದ ಸೈಕಲ್‌ಗೆ ಟೂ ಸ್ಟ್ರೋಕ್ ಎಂಜಿನ್ ಕಿಟ್: ಬಹುಕಾಲ ಓಡಿಸಿದ ಮೇಲೆ ಕಂಡದ್ದು

ಡಬ್ಬದ ಮೇಲೆ 80 ಸಿಸಿ ಎಂದು ಅಚ್ಚಾಗಿದ್ದರೂ ಈ ಚೀನಾ ಕಿಟ್ಟಿನ ಎಂಜಿನ್ ನಿಜಕ್ಕೂ 66 ಸಿಸಿ. ಬೋರ್ (ಸಿಲಿಂಡರಿನ ಒಳವ್ಯಾಸ) 47 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 38 ಮಿ.ಮೀ.; ಲೆಕ್ಕ ಹಾಕಿದರೆ ಬರುವುದು ಅಷ್ಟೇ. ಅದೊಂದು ಸುಳ್ಳು ಬಿಟ್ಟರೆ ಎಂಜಿನ್ ಮೇಲೆ ದೊಡ್ಡ ದೂರಿಲ್ಲ. ಲೂನಾ ಮೊಪೆಡ್ ಬಿಚ್ಚಿ ಗೊತ್ತಿರುವ ಯಾವ ಮೆಕ್ಯಾನಿಕ್ ಆದರೂ ಇದನ್ನು ಸಂಭಾಳಿಸುತ್ತಾನೆ. ಕೈಕೊಡುವುದು ಹಿಂದಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ), ಚೈನ್ ಟೆನ್ಷನರ್ (ಚೈನು ಬಿಗಿಯಾಗಿಡುವ ತುಂಡು) ಮತ್ತು ಜೊತೆಗೆ ಕೊಡುವ ಕಳಪೆ ಬೋಲ್ಟುಗಳು. ಐದಕ್ಕೆ ಮೂರು ಅಂಕ. ಕಳೆದ ಎರಡೂ ಅಂಕ ಇವುಗಳ ಲೆಕ್ಕಕ್ಕೇ.

ಕೊಳ್ಳುವ ಮೊದಲು ಕಾನೂನು ತಿಳಿದಿರಲಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 2(28)ರಲ್ಲಿ ನಾಲ್ಕಕ್ಕಿಂತ ಕಡಿಮೆ ಚಕ್ರದ ಗಾಡಿಗೆ ವಿನಾಯಿತಿ ಇರುವುದು ಎಂಜಿನ್ 25 ಸಿಸಿ ಮೀರದಿದ್ದರೆ ಮಾತ್ರ. 66 ಸಿಸಿ ಕೂರಿಸಿದರೆ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲ ಬೇಕು, ಮನೆಯಲ್ಲಿ ಜೋಡಿಸಿದ್ದಕ್ಕೆ ನಂಬರ್ ಪ್ಲೇಟ್ ಸಿಗುತ್ತದೆ ಎಂದು ನಂಬಿ ಕೂರಬೇಡಿ. ತೋಟ, ಎಸ್ಟೇಟಿನೊಳಗೆ ಓಡಿಸಲು ಮಾತ್ರ ಇದು ಸರಿ.

ಸೈಕಲ್ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. 26 ಇಂಚಿನ ಚಕ್ರ, ಹಿಂದೆ 36 ಸ್ಪೋಕ್, ಸುಮಾರು 28 ಮಿ.ಮೀ. ದಪ್ಪದ ಉಕ್ಕಿನ ದುಂಡು ಪೈಪಿನ ಫ್ರೇಮ್, ಸಸ್ಪೆನ್ಷನ್ ಇಲ್ಲದ ಫೋರ್ಕ್ ಇರಲಿ. ನಮ್ಮ ಹಳೆಯ 28 ಇಂಚಿನ ರಾಡ್ ಬ್ರೇಕ್ ಸೈಕಲ್ ಗಟ್ಟಿ ನಿಜ, ಆದರೆ ಅದರ ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ 40 ಸ್ಪೋಕ್. ಕಿಟ್ಟಿನ ಸ್ಪ್ರಾಕೆಟ್‌ನಲ್ಲಿರುವ ಒಂಬತ್ತು ತೂತು 36ರ ಲೆಕ್ಕದವು, 40ಕ್ಕೆ ಸರಿಯಾಗಿ ಕೂರುವುದಿಲ್ಲ. ಜೊತೆಗೆ ಒದ್ದೆಯಾದ ಉಕ್ಕಿನ ರಿಮ್ ಮೇಲೆ ಬ್ರೇಕ್ ಹಿಡಿಯುವುದೇ ಅನುಮಾನ. ಅಲಾಯ್ ರಿಮ್, ಎರಡೂ ಚಕ್ರಕ್ಕೆ ವಿ ಬ್ರೇಕ್, ಹೊಸ ರಬ್ಬರ್ ಪ್ಯಾಡ್: ಎಂಜಿನ್ ತರುವ ಮೊದಲೇ ಇಷ್ಟು ಮುಗಿದಿರಬೇಕು.

ಇನ್ನು ಸ್ಪ್ರಾಕೆಟ್. 44 ಹಲ್ಲಿನ ಚಕ್ರ, ಸ್ಪೋಕ್‌ಗಳ ಒಳಗೊಂದು ಹೊರಗೊಂದು ರಬ್ಬರ್ ಬಿಲ್ಲೆ, ಒಳಬದಿಗೆ ಉಕ್ಕಿನ ಅರ್ಧಚಂದ್ರ ಪಟ್ಟಿಗಳು, ಒಂಬತ್ತು ಬೋಲ್ಟು. ಎಂಜಿನ್ ಎಳೆತವೆಲ್ಲ ಹಬ್ಬಿಗೆ ಹೋಗದೆ ಸ್ಪೋಕ್ ಮೇಲೇ ಬೀಳುತ್ತದೆ. ರಬ್ಬರ್ ಕುಗ್ಗಿ ಬೋಲ್ಟು ಸಡಿಲವಾದರೆ ಸ್ಪ್ರಾಕೆಟ್ ಅಲುಗುತ್ತದೆ, ಸ್ಪೋಕ್ ಹಬ್ಬಿನ ಬಳಿಯ ಬಾಗಿನಲ್ಲೇ ತುಂಡಾಗುತ್ತದೆ. ಮೊದಲು ಚಕ್ರದ ಬೆಂಡ್ ತೆಗೆಸಿ. ಬೋಲ್ಟುಗಳನ್ನು ಒಂದರ ಎದುರು ಇನ್ನೊಂದರಂತೆ, ಪ್ರತಿ ಸಲ ಅರ್ಧ ಸುತ್ತು ಮಾತ್ರ ಬಿಗಿಯಿರಿ. ಫ್ರೇಮ್‌ಗೆ ಒಂದು ಕೇಬಲ್ ಟೈ ಕಟ್ಟಿ, ಅದರ ತುದಿ ಹಲ್ಲಿನ ಪಕ್ಕಕ್ಕೆ ಬರುವಂತೆ ಕತ್ತರಿಸಿ ಚಕ್ರ ತಿರುಗಿಸಿ ನೋಡಿ. ಓಲಾಟ ಒಂದು ಮಿ.ಮೀ. ದಾಟಬಾರದು. ಮೇಲೆ ಕೆಳಗೆ ಏರಿಳಿದರೆ ಚೈನು ಒಂದೆಡೆ ಬಿಗಿ, ಇನ್ನೊಂದೆಡೆ ಜೋಲು ಬೀಳುತ್ತದೆ. ಹಬ್ಬಿನ ಅಳತೆ ಕೊಟ್ಟು ಲೇತ್ ಅಂಗಡಿಯಲ್ಲಿ ಸ್ಪ್ರಾಕೆಟ್ಟನ್ನು ಹಬ್ಬಿಗೇ ಹಿಡಿಸುವ ಎರಡು ಹೋಳಿನ ಕ್ಲ್ಯಾಂಪ್ ಮಾಡಿಸಿದರೆ ಸ್ಪೋಕ್ ಕಾಟವೇ ತಪ್ಪುತ್ತದೆ. ಕಿಟ್ಟಿಗೆ ಹಾಕಿದ ದುಡ್ಡಿಗಿಂತ ಇದಕ್ಕೆ ಹಾಕಿದ್ದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಟೆನ್ಷನರ್ ಅಂತೂ ಅಪಾಯದ ಮೂಲ. ಹಿಂದಿನ ಪೈಪಿಗೆ ಕಚ್ಚಿಸಿದ ಈ ತುಂಡು ಜಾರಿ ಒಳಕ್ಕೆ ತಿರುಗಿದರೆ ಸೀದಾ ಸ್ಪೋಕ್‌ಗೆ ಸಿಕ್ಕಿಕೊಂಡು ಚಕ್ರ ಒಮ್ಮೆಲೇ ಕಚ್ಚಿಕೊಂಡು ನಿಲ್ಲುತ್ತದೆ. 415 ಅಳತೆಯ ಚೈನನ್ನು ಅಳೆದು ಕತ್ತರಿಸಿ, ಹಿಂದಿನ ಆಕ್ಸಲ್ ಸರಿಸಿಯೇ ಬಿಗಿ ಹೊಂದಿಸಿ. ಆಗ ಟೆನ್ಷನರ್ ಮೇಲೆ ಭಾರ ಬೀಳುವುದಿಲ್ಲ, ಎಷ್ಟೋ ಫ್ರೇಮ್‌ಗೆ ಅದು ಬೇಕಾಗುವುದೂ ಇಲ್ಲ. ನಡುವೆ ಬೆರಳಲ್ಲಿ ಒತ್ತಿದರೆ ಸುಮಾರು 12 ಮಿ.ಮೀ. ಜೋಲು ಸಾಕು.

ಎಂಜಿನ್ ಮತ್ತು ಫ್ರೇಮ್ ನಡುವೆ ಮೆತ್ತನೆ ರಬ್ಬರ್ ತುರುಕಬೇಡಿ. ನಡುಕ ಕಡಿಮೆಯಾದಂತೆ ಕಂಡರೂ ಎಂಜಿನ್ ಹಿಂದೆ ಮುಂದೆ ತೂಗಾಡಿ ಸ್ಟಡ್ (ತಲೆಯಿಲ್ಲದ ಬೋಲ್ಟು) ಎಂಜಿನ್ ಕೇಸಿನೊಳಗೇ ಮುರಿಯುತ್ತದೆ, ಮುರಿದ ತುಂಡು ತೆಗೆಯುವುದು ತಲೆನೋವು. ಕಿಟ್ಟಿನ ನಟ್ಟು ಬಿಸಾಡಿ ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇರುವ, ಸಡಿಲಾಗದ ನಟ್ಟು) ಹಾಕಿ. ಎಂಜಿನ್ ದಪ್ಪ ಪೈಪಿಗೆ ಹೊಂದಲಿಲ್ಲವೆಂದು ಫ್ರೇಮ್‌ಗೆ ಡ್ರಿಲ್ ಹಾಕುವವರಿದ್ದಾರೆ. ಆ ತೂತಿನಿಂದಲೇ ಬಿರುಕು ಶುರುವಾಗುತ್ತದೆ. ಹೆಡ್ಡಿನ (ಸಿಲಿಂಡರಿನ ಮೇಲ್ಮುಚ್ಚಳ) 8 ಮಿ.ಮೀ. ಸ್ಟಡ್ ನಟ್ಟುಗಳನ್ನು ಎದುರುಬದುರಾಗಿ 15 ನ್ಯೂಟನ್ ಮೀಟರ್ ಆಸುಪಾಸು ಬಿಗಿದು, ಮೊದಲ ಓಟದ ನಂತರ ಎಂಜಿನ್ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿ.

ವೈರಿಂಗ್ ಸರಳ: ಸಿಡಿಐಗೆ (ಪ್ಲಗ್‌ಗೆ ಕಿಡಿ ಕೊಡುವ ಪೆಟ್ಟಿಗೆ) ನೀಲಿಗೆ ನೀಲಿ, ಕಪ್ಪಿಗೆ ಕಪ್ಪು. ಬಿಳಿ ವೈರಿಗೆ ಟೇಪ್ ಸುತ್ತಿ ಬಿಟ್ಟುಬಿಡಿ. ಸ್ಟಾರ್ಟ್ ಮಾಡುವ ಮುನ್ನ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಬಿಟ್ಟೊಡನೆ ಟಕ್ಕನೆ ಹಿಂದಕ್ಕೆ ಬರುತ್ತದೆಯೇ ನೋಡಿ. ಕೇಬಲ್ ಸಿಕ್ಕಿಕೊಂಡರೆ ಎಂಜಿನ್ ಪೂರ್ಣ ವೇಗದಲ್ಲೇ ಉಳಿಯುತ್ತದೆ. ಕಿಲ್ ಸ್ವಿಚ್ (ಎಂಜಿನ್ ನಿಲ್ಲಿಸುವ ಗುಂಡಿ) ಕೆಲಸ ಮಾಡದೆ ಓಡಿಸಲೇಬೇಡಿ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಿದ್ದು ಪ್ಲಗ್ ಬೆಳ್ಳಗಾಗಿದ್ದರೆ ಕಾರ್ಬುರೇಟರ್ ಗ್ಯಾಸ್ಕೆಟ್ ಬಳಿ ಗಾಳಿ ಎಳೆಯುತ್ತಿರಬಹುದು. ಹಾಗೇ ಬಿಟ್ಟರೆ ಪಿಸ್ಟನ್ ಸುಡುತ್ತದೆ.

ಗೇರ್ ಲೆಕ್ಕವೂ ಇರಲಿ. ಎಂಜಿನ್ ಒಳಗಿನ ಇಳಿಕೆ 4.1, ಹೊರಗೆ 10ಕ್ಕೆ 44 ಹಲ್ಲು, ಒಟ್ಟು 18; ಅಂದರೆ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ 18 ಸುತ್ತು ತಿರುಗುತ್ತದೆ. ಗಂಟೆಗೆ 30 ಕಿ.ಮೀ. ಓಡುವಾಗ ಎಂಜಿನ್ ನಿಮಿಷಕ್ಕೆ 4,350 ಸುತ್ತಿನ ಹತ್ತಿರ ಇರುತ್ತದೆ. ಅದಕ್ಕಿಂತ ಮೇಲೆ ನಡುಕಕ್ಕೆ ಬೋಲ್ಟು ಉದುರುತ್ತವೆ, ಸೈಕಲ್ ಬ್ರೇಕಿಗೂ ಆ ವೇಗ ಹೆಚ್ಚಾಯಿತು.

ಎಂಜಿನ್ ಹೊಸದಿರುವಾಗ ಲೀಟರ್ ಪೆಟ್ರೋಲಿಗೆ 60 ಮಿ.ಲೀ. 2ಟಿ ಆಯಿಲ್, ಪಳಗಿದ ಮೇಲೆ 40 ಮಿ.ಲೀ. ಕ್ಯಾನಿನಲ್ಲಿ ಕಲಸಿಯೇ ಟ್ಯಾಂಕಿಗೆ ಸುರಿಯಿರಿ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುವುದರಿಂದ ಕಿಟ್ಟಿನ ತೆಳು ಪೈಪು ಬೇಗ ಗಟ್ಟಿಯಾಗಿ ಸೀಳುತ್ತದೆ. ಒಳ್ಳೆಯ ಬೈಕ್ ಪೈಪು, ನಡುವೆ ಒಂದು ಫಿಲ್ಟರ್ ಹಾಕಿಸಿ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ಬರಿದು ಮಾಡಿ, ನಲ್ಲಿ ಮುಚ್ಚಿ, ಕಾರ್ಬುರೇಟರ್ ಬೌಲ್ ಒಣಗುವವರೆಗೂ ಎಂಜಿನ್ ಓಡಿಸಿ ನಿಲ್ಲಿಸಿ.