ಹುರುಳಿಯೋ, ಓಟ್ಸೋ, ತೌಡೋ, ಎಣ್ಣೆಯೋ? ಮೈ ಹಿಡಿಯದ ಕುದುರೆಗೆ ಹಾಕಿ ನೋಡಿದ್ದು

ಮೈಸೂರಲ್ಲಿ ಕುದುರೆ ಬಡಕಲಾಯಿತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಹುರುಳಿ ಬೇಯಿಸಿ ಹಾಕಿ ಸಾರ್, ಮೈ ಹಿಡಿಯುತ್ತೆ.’ ಜಟಕಾ ಓಡಿಸುವ ಹಿರಿಯರೂ ಹೇಳುತ್ತಾರೆ, ರೇಸ್ ಲಾಯದಲ್ಲಿ ದುಡಿದ ಸೈಸ್‌ಗಳೂ ಹೇಳುತ್ತಾರೆ. ನಮ್ಮ ಲಾಯದಲ್ಲಿ ಇಂಥ ಎರಡು ಕುದುರೆಗಳಿವೆ. ಒಂದು ರೇಸ್ ಬಿಟ್ಟು ಬಂದ ಥರೋಬ್ರೆಡ್ ಗಂಡು, ಸದಾ ಚಡಪಡಿಸುತ್ತಲೇ ಇರುತ್ತದೆ. ಇನ್ನೊಂದು ಜಟಕಾ ಎಳೆದು ವಯಸ್ಸಾದ ಹೆಣ್ಣು. ಎರಡಕ್ಕೂ ಬೇರೆ ಬೇರೆ ಮೇವು ಹಾಕಿ ನೋಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಮೊದಲು ಹುಲ್ಲು, ಆಮೇಲೆ ಜಿಡ್ಡು, ಕಾಳಿನ ಸರದಿ ಕೊನೆಗೆ.

ಮೇವಿನ ಚೀಲ ಬಿಚ್ಚುವ ಮುಂಚೆ ಡಾಕ್ಟರ್ ಹತ್ತಿರ ಹಲ್ಲು, ಲದ್ದಿ, ರಕ್ತ ಮೂರನ್ನೂ ನೋಡಿಸಿ. ಕುದುರೆಯ ಹಲ್ಲು ವಯಸ್ಸಾದರೂ ಮೇಲೆ ಬರುತ್ತಲೇ ಇರುತ್ತದೆ. ಸಮವಾಗಿ ಸವೆಯದಿದ್ದರೆ ಅಂಚು ಚೂಪಾಗಿ ಕೆನ್ನೆ, ನಾಲಿಗೆ ಕೊಯ್ಯುತ್ತದೆ. ಅಗಿದ ಹುಲ್ಲನ್ನು ಉಂಡೆ ಕಟ್ಟಿ ಉಗುಳುತ್ತಿದ್ದರೆ ಹಲ್ಲಿನದೇ ತೊಂದರೆ ಅನ್ನಬಹುದು. ಲದ್ದಿಯಲ್ಲಿ ಜಂತುಹುಳುವಿನ ಮೊಟ್ಟೆ ಎಷ್ಟಿವೆ ಅಂತ ತಿಳಿಯುತ್ತದೆ. ರಕ್ತದಲ್ಲಿ ನೋಡಬೇಕಾದದ್ದು ಸರ್ರಾ. ಕಚ್ಚುವ ನೊಣಗಳಿಂದ ಹರಡುವ ಈ ರೋಗದಲ್ಲಿ ಬಿಟ್ಟು ಬಿಟ್ಟು ಜ್ವರ ಬರುತ್ತದೆ, ತಿಂದದ್ದು ಮೈಗೆ ಹತ್ತುವುದೇ ಇಲ್ಲ.

ತೂಕದ ಯಂತ್ರ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂದಿನ ತುದಿಯಿಂದ ಪಿರ್ರೆಯ ತುದಿವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆಜಿ ಲೆಕ್ಕದಲ್ಲಿ ಅಂದಾಜು ತೂಕ ಸಿಗುತ್ತದೆ. ಇದರ ಜೊತೆಗೆ 1983ರಲ್ಲಿ ಅಮೆರಿಕದ ಹೆನೆಕೆ ಮತ್ತು ಸಂಗಡಿಗರು ಕೊಟ್ಟ 1ರಿಂದ 9ರ ಮೈಕಟ್ಟಿನ ಅಳತೆ ಇದೆ: 1 ಅಂದರೆ ತೀರಾ ಬಡಕಲು, 9 ಅಂದರೆ ತೀರಾ ದಪ್ಪ. ಪಕ್ಕೆಲುಬು ಕಣ್ಣಿಗೆ ಕಾಣದೆ, ಕೈಗೆ ಸಲೀಸಾಗಿ ಸಿಕ್ಕರೆ 5. ಅಲ್ಲಿಗೆ ಮುಟ್ಟಿದರೆ ಸಾಕು.

ಇನ್ನು ಹುಲ್ಲು. 400 ಕೆಜಿ ಕುದುರೆಗೆ ದಿನಕ್ಕೆ 6ರಿಂದ 8 ಕೆಜಿ ಒಣಮೇವು ಬೇಕು. ಮಂಡ್ಯ ಕಡೆ ಭತ್ತದ ಹುಲ್ಲು ಕಣ್ಣು ಹಾಯಿಸಿದಲ್ಲೆಲ್ಲ ಸಿಗುತ್ತದೆ. ಆದರೆ ಅದರಲ್ಲಿ ಸಿಲಿಕಾ ಜಾಸ್ತಿ, ಸತ್ವ ಕಡಿಮೆ. ಅದನ್ನೇ ತುಂಬಿಸಿದರೆ ಹೊಟ್ಟೆ ದಪ್ಪಗಾಗುತ್ತದೆ, ಬೆನ್ನು ಮಾತ್ರ ತೆಳ್ಳಗೇ ಇರುತ್ತದೆ. ಅದಕ್ಕಿಂತ ರಾಗಿ ಹುಲ್ಲು ಮೇಲು, ರಾಗಿ ಹುಲ್ಲಿಗಿಂತ ಒಣಗಿಸಿದ ಗರಿಕೆ ಇನ್ನೂ ಮೇಲು. ಹೈನುಗಾರರ ಹತ್ತಿರ ಸಿಗುವ ನೇಪಿಯರ್ ಹುಲ್ಲಲ್ಲಿ ಆಕ್ಸಲೇಟ್ ಇರುತ್ತದೆ. ಅದು ಕ್ಯಾಲ್ಸಿಯಂ ಮೈಗೆ ಸೇರದಂತೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ದಿನವೂ ಅದೊಂದನ್ನೇ ನಂಬಬಾರದು.

ಕುದುರೆ ಮಸಾಲೆ ಸೊಪ್ಪಿಗೆ, ಅಂದರೆ ಲೂಸರ್ನ್ ಮೇವಿಗೆ, ನಾನು ಮೊದಲ ಸ್ಥಾನ ಕೊಡುತ್ತೇನೆ. ಪ್ರೋಟೀನ್ ಇದೆ, ಕ್ಯಾಲ್ಸಿಯಂ ಧಾರಾಳವಾಗಿದೆ. ಆ ಕ್ಯಾಲ್ಸಿಯಂ ಹೊಟ್ಟೆಯ ಆಮ್ಲವನ್ನೂ ಸ್ವಲ್ಪ ತಗ್ಗಿಸುತ್ತದೆ. ರೇಸ್ ಕುದುರೆಗಳಲ್ಲಿ ಹೊಟ್ಟೆಹುಣ್ಣು ತುಂಬ ಸಾಮಾನ್ಯ, ಅದಕ್ಕೇ ಅವುಗಳಿಗೆ ಇದು ಹೇಳಿ ಮಾಡಿಸಿದ್ದು. ನಮ್ಮ ಗಂಡು ಕುದುರೆ ಕಾಳಿನ ಬಕೆಟ್ ಅರ್ಧಕ್ಕೇ ಬಿಟ್ಟು ಗೋಡೆ ನೋಡುತ್ತಾ ನಿಲ್ಲುತ್ತಿತ್ತು. ಕಾಳಿಗೆ ಮುಂಚೆ ಒಂದು ಹಿಡಿ ಕುದುರೆ ಮಸಾಲೆ ಕೊಡಲು ಶುರು ಮಾಡಿದ ಮೇಲೆ ಬಕೆಟ್ ಖಾಲಿ ಮಾಡತೊಡಗಿತು. ಇಷ್ಟೂ ಮೇವುಗಳಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಬದಲಾವಣೆ ಅದೇ.

ಹುರುಳಿ ಮತ್ತು ಓಟ್ಸ್ ಪಕ್ಕಪಕ್ಕ ಇಟ್ಟು ನೋಡೋಣ. ಹುರುಳಿಯಲ್ಲಿ ಪ್ರೋಟೀನ್ ಶೇ. 20ಕ್ಕಿಂತ ಹೆಚ್ಚು, ಜಿಡ್ಡು ಮಾತ್ರ ನೆಪಕ್ಕೆ. ಹಸಿಯಾಗಿ ಹಾಕಿದರೆ ಪ್ರೋಟೀನ್ ಜೀರ್ಣವಾಗಲು ಅಡ್ಡಿ ಮಾಡುವ ಅಂಶ ಅದರಲ್ಲೇ ಇದೆ, ಬೇಯಿಸಿದರೆ ಅದು ಬಹುಪಾಲು ಹೋಗುತ್ತದೆ. ನಮ್ಮ ಹಿರಿಯರು ಬೇಯಿಸುತ್ತಿದ್ದದ್ದು ಸುಮ್ನೆ ಅಲ್ಲ. ಬೆನ್ನಿನ ಮಾಂಸ ಕರಗಿದ ಮುದಿ ಹೆಣ್ಣಿಗೆ ಇದು ಒಗ್ಗಿತು. ಆದರೆ ಪ್ರಮಾಣ ಹೆಚ್ಚಿಸುತ್ತಾ ಹೋದಂತೆ ಲಾಯದಲ್ಲಿ ಮೂತ್ರದ ಘಾಟು ಏರಿತೇ ಹೊರತು ಮೈ ಅಷ್ಟಾಗಿ ತುಂಬಲಿಲ್ಲ. ಹೆಚ್ಚಾದ ಪ್ರೋಟೀನ್ ಹೋಗುವ ದಾರಿ ಅದೇ. ಓಟ್ಸ್ ಪಿಷ್ಟ ಸಣ್ಣಕರುಳಲ್ಲೇ ಚೆನ್ನಾಗಿ ಜೀರ್ಣವಾಗುತ್ತದೆ, ಬೇಯಿಸುವ ಕೆಲಸವಿಲ್ಲ. ಆದರೆ ಉತ್ತರದಿಂದ ಬರುವ ಸರಕು, ದುಬಾರಿ. ಜೊತೆಗೆ ನಮ್ಮ ಗಂಡಿನ ಚಡಪಡಿಕೆ ಇದರಿಂದ ಹೆಚ್ಚಾಯಿತು. ಯಾವ ಕಾಳೇ ಆಗಲಿ, ಒಂದು ಹೊತ್ತಿಗೆ ಎರಡು ಕೆಜಿ ದಾಟಿಸಬೇಡಿ. ಜೀರ್ಣವಾಗದ ಪಿಷ್ಟ ದೊಡ್ಡಕರುಳಿಗೆ ಹೋಗಿ ಹುಳಿಯಾದರೆ ಹೊಟ್ಟೆನೋವು, ಗೊರಸಿನ ಉರಿಯೂತ ಎರಡೂ ಬರಬಹುದು.

ಜಿಡ್ಡಿನ ಪೈಪೋಟಿ ತೌಡು ಮತ್ತು ಎಣ್ಣೆಯ ನಡುವೆ. ಅಕ್ಕಿ ಗಿರಣಿಗಳಿರುವ ಮಂಡ್ಯದಲ್ಲಿ ತಾಜಾ ತೌಡು ಅಗ್ಗ. ಎಣ್ಣೆ ತೆಗೆದ ತೌಡು ಬೇಡ, ಕೇಳಿ ತನ್ನಿ. ತಾಜಾ ತೌಡು ಬೇಗ ಕಮಟು ವಾಸನೆ ಹಿಡಿಯುತ್ತದೆ, ಅದಕ್ಕೇ ವಾರಕ್ಕಾಗುವಷ್ಟೇ ತರಬೇಕು. ಇನ್ನೊಂದು ಮುಖ್ಯ ವಿಷಯ: ತೌಡಲ್ಲಿ ರಂಜಕ ತುಂಬ ಹೆಚ್ಚು, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಗೋಧಿ ಬೂಸಾ ಕಥೆಯೂ ಅದೇ. ಬರೀ ಇವನ್ನೇ ತಿಂದ ಕುದುರೆ ತನ್ನ ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಮುಖದ ಮೂಳೆ ಊದಿಕೊಳ್ಳುತ್ತದೆ. ಒಂದು ಕೆಜಿ ತೌಡಿಗೆ ಎರಡು ಕೆಜಿ ಒಣ ಕುದುರೆ ಮಸಾಲೆ ಜೊತೆಯಾದರೆ ಲೆಕ್ಕ ಸರಿಹೋಗುತ್ತದೆ. ಕುದುರೆ ಮಸಾಲೆ ಇಲ್ಲದಿದ್ದರೆ ಮೇವಿಗೆ ಬಳಸುವ ಸುಣ್ಣದಕಲ್ಲಿನ ಪುಡಿ ಎಷ್ಟು ಬೇಕು ಅಂತ ಡಾಕ್ಟರನ್ನು ಕೇಳಿ ಸೇರಿಸಿ.

ಎಣ್ಣೆಗೆ ಈ ತಲೆನೋವಿಲ್ಲ. ಕಾಲು ಲೀಟರ್ ಎಣ್ಣೆಯಲ್ಲಿ ಸುಮಾರು 700 ಗ್ರಾಂ ಓಟ್ಸಿನಷ್ಟು ಶಕ್ತಿ ಇದೆ, ಪಿಷ್ಟ ಒಂದು ಚೂರೂ ಇಲ್ಲ. ಚಡಪಡಿಸುವ ಕುದುರೆಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ. ಕೆಲವು ಚಮಚದಿಂದ ಶುರು ಮಾಡಿ ಎರಡು ಮೂರು ವಾರದಲ್ಲಿ ನಿಧಾನವಾಗಿ ಏರಿಸಿ, ಲದ್ದಿ ತೆಳ್ಳಗಾದರೆ ತಕ್ಷಣ ಇಳಿಸಿ. ಎಣ್ಣೆ ಹೆಚ್ಚಿದಷ್ಟೂ ವಿಟಮಿನ್ ಇ ಬೇಡಿಕೆಯೂ ಹೆಚ್ಚುತ್ತದೆ.

ಚೀಲದಲ್ಲಿ ಬರುವ ಕುದುರೆ ಪೆಲೆಟ್ ಒಳ್ಳೆಯದೇ, ಖನಿಜ ವಿಟಮಿನ್ ಎಲ್ಲ ಅಳತೆಯಲ್ಲಿರುತ್ತದೆ. ಬೆಲೆ ಭಾರ. ಹಲ್ಲು ಸವೆದ ಕುದುರೆಗೆ ನೆನೆಸಿಯೇ ಕೊಡಿ, ಇಲ್ಲದಿದ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಹಸುವಿನ ಮೇವು, ಕೋಳಿ ಮೇವು ಮಾತ್ರ ಯಾವ ಕಾರಣಕ್ಕೂ ಬೇಡ. ಮನೆಯಲ್ಲಿ ಹಸುವಿನ ಚೀಲ ಇದ್ದೇ ಇರುತ್ತದೆ, ಒಂದು ಬೊಗಸೆ ಹಾಕಿದರೇನು ಅನ್ನಿಸಬಹುದು. ಅಂಥ ಕೆಲವು ಮೇವಿಗೆ ಮೊನೆನ್ಸಿನ್ ಅನ್ನುವ ಔಷಧಿ ಬೆರೆಸಿರುತ್ತಾರೆ. ಅದು ಕುದುರೆಯ ಹೃದಯದ ಸ್ನಾಯುವನ್ನೇ ಹಾಳು ಮಾಡುತ್ತದೆ, ಜೀವಕ್ಕೇ ಅಪಾಯ.

ಟಾನಿಕ್ಕುಗಳಲ್ಲಿ ನನಗೆ ನಂಬಿಕೆ ಕಡಿಮೆ. ಬಿ ಕಾಂಪ್ಲೆಕ್ಸ್ ಬಾಟಲಿಗೆ ದುಡ್ಡು ಹಾಕುವ ಬದಲು ಕುದುರೆ ಮಸಾಲೆ ಕೊಳ್ಳಿ. ಆರೋಗ್ಯವಾಗಿರುವ ಕುದುರೆಯ ದೊಡ್ಡಕರುಳಿನ ಸೂಕ್ಷ್ಮಜೀವಿಗಳೇ ಬಿ ವಿಟಮಿನ್ ತಯಾರಿಸುತ್ತವೆ. ಉಪ್ಪು ಮಾತ್ರ ದಿನವೂ ಬೇಕು, 400 ಕೆಜಿ ಕುದುರೆಗೆ 25 ಗ್ರಾಂ ಆಸುಪಾಸು, ಬೆವರುವ ದಿನ ಇನ್ನೂ ಹೆಚ್ಚು.

ಈಗ ಗಂಡಿಗೆ ಗರಿಕೆ, ಕುದುರೆ ಮಸಾಲೆ, ಎಣ್ಣೆ ಬೆರೆಸಿದ ಸ್ವಲ್ಪ ಓಟ್ಸ್ ನಡೆಯುತ್ತಿದೆ. ಮುದುಕಿಗೆ ಕತ್ತರಿಸಿದ ಕುದುರೆ ಮಸಾಲೆ, ತೌಡು, ಬೆಂದ ಹುರುಳಿ ಎಲ್ಲ ಸೇರಿಸಿ ಗಂಜಿಯ ಹದಕ್ಕೆ ನೆನೆಸಿ, ದಿನಕ್ಕೆ ನಾಲ್ಕು ಹೊತ್ತು ಸ್ವಲ್ಪ ಸ್ವಲ್ಪವೇ ಕೊಡುತ್ತೇವೆ. ಬೇಸಿಗೆಯಲ್ಲಿ ನೆನೆಸಿದ್ದು ಬೇಗ ಹುಳಿಯುತ್ತದೆ, ಉಳಿದದ್ದನ್ನು ಮುಂದಿನ ಹೊತ್ತಿಗೆ ಇಡಬೇಡಿ.