ಎ.ಆರ್.ಸಿ. ಹಾಕಿಸಿ, ಬ್ಲೂ ಕಟ್ ಬಿಡಿ: ಮದುವೆ ಫೋಟೋಗ್ರಾಫರನ ಕನ್ನಡಕ ವಿಮರ್ಶೆ

ಪವರ್ ಮೈನಸ್ ನಾಲ್ಕೂವರೆ. ಕೆಲಸ ಮದುವೆ ಫೋಟೋಗ್ರಫಿ, ಊರು ದಾವಣಗೆರೆ. ಹೋದ ದೀಪಾವಳಿಗೆ ಮುಂಚೆ 1.6 ಇಂಡೆಕ್ಸಿನ ಲೆನ್ಸಿಗೆ ಎರಡೂ ಮುಖ ಎ.ಆರ್.ಸಿ. ಕೋಟಿಂಗ್ ಹಾಕಿಸಿ ಕನ್ನಡಕ ಮಾಡಿಸಿದೆ. ಇಂಡೆಕ್ಸ್ ಅಂದರೆ ಲೆನ್ಸ್ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಲೆಕ್ಕ, ಅದು ಹೆಚ್ಚಿದಷ್ಟೂ ಲೆನ್ಸ್ ತೆಳು. ಎ.ಆರ್.ಸಿ. ಅಂದರೆ ಆಂಟಿ ರಿಫ್ಲೆಕ್ಷನ್ ಕೋಟಿಂಗ್, ಲೆನ್ಸಿನಿಂದ ಬೆಳಕು ವಾಪಸಾಗುವುದನ್ನು ತಗ್ಗಿಸುವ ಪದರ. ಲೆನ್ಸಿಗೆ 2,800 ರೂಪಾಯಿ, ಅದರಲ್ಲಿ ಕೋಟಿಂಗಿನದ್ದೇ 900. ನಾನು ಬರೆಯುತ್ತಿರುವುದು ಆ 900ರ ಬಗ್ಗೆ. ಫ್ರೇಮ್ ನಿಮ್ಮ ನಿಮ್ಮ ಮೂಗಿಗೆ ಬಿಟ್ಟದ್ದು.

ತೆಳು ಲೆನ್ಸ್ ಅಂತ ಹೆಚ್ಚು ದುಡ್ಡು ಕೊಟ್ಟು ತಗೊಳ್ತೀವಲ್ಲ, ಅದು ಸಾಮಾನ್ಯ ಲೆನ್ಸಿಗಿಂತ ಹೆಚ್ಚು ಬೆಳಕನ್ನು ವಾಪಸ್ ಎಸೆಯುತ್ತದೆ. 1.5 ಇಂಡೆಕ್ಸಿನದಾದರೆ ಎರಡು ಮುಖ ಸೇರಿ ನೂರಕ್ಕೆ 8 ಪಾಲು, 1.6ರದ್ದಾದರೆ 10ರ ಹತ್ತಿರ. ಅದರಲ್ಲೊಂದಿಷ್ಟು ಲೆನ್ಸಿನ ಒಳಗೇ ಆಚೀಚೆ ಬಡಿದು ಕಣ್ಣಿಗೆ ಬರುತ್ತದೆ. ರಾತ್ರಿ ರಿಸೆಪ್ಷನ್ ಮುಗಿಸಿ ಚಿತ್ರದುರ್ಗದಿಂದ ಹೈವೇಯಲ್ಲಿ ಬರುವಾಗ ಪ್ರತಿ ಹೆಡ್‌ಲೈಟಿನ ಪಕ್ಕದಲ್ಲೂ ಒಂದು ಮಸುಕು ಹೆಡ್‌ಲೈಟ್ ಕಾಣುತ್ತಿದ್ದದ್ದು ಇದರಿಂದಲೇ. ಕೋಟಿಂಗ್ ಹಾಕಿಸಿದ ಮೇಲೆ ಆ ಎರಡನೇದು ಹೋಗಿದೆ. ಲಾರಿಯವನು ಹೈ ಬೀಮ್ ಹಾಕಿದರೆ ಕಣ್ಣು ಕುಕ್ಕುವುದು ಮಾತ್ರ ಮೊದಲಿನಷ್ಟೇ, ಅದಕ್ಕೆ ಯಾವ ಕೋಟಿಂಗೂ ಮದ್ದಲ್ಲ.

ಬೆಳಕಿನ ಅಲೆಯ ಅಳತೆಗೆ ತಕ್ಕಂತೆ ಪದರ ಕಟ್ಟುವುದು ಎ.ಆರ್.ಸಿ.ಯ ಕಸುಬುಗಾರಿಕೆ. ಹಸಿರು ಬೆಳಕಿನ ಅಲೆ ಸುಮಾರು 550 ನ್ಯಾನೋಮೀಟರ್ ಉದ್ದ. ಮೆಗ್ನೀಸಿಯಂ ಫ್ಲೋರೈಡಿನಂಥ ವಸ್ತುವನ್ನು ಸುಮಾರು 100 ನ್ಯಾನೋಮೀಟರ್ ದಪ್ಪಕ್ಕೆ ಕೂರಿಸಿದರೆ, ಪದರದ ಮೇಲ್ಮೈಯಿಂದ ವಾಪಸಾಗುವ ಅಲೆಯೂ ತಳದಿಂದ ವಾಪಸಾಗುವ ಅಲೆಯೂ ಒಂದರ ಏರಿಗೆ ಇನ್ನೊಂದರ ಇಳಿತ ಸಿಕ್ಕಿ ಅಳಿದುಹೋಗುತ್ತವೆ. ವಾಪಸಾಗಬೇಕಿದ್ದ ಬೆಳಕು ಮುಂದಕ್ಕೆ ದಾಟುತ್ತದೆ. ಒಂದೇ ಪದರ ಒಂದು ಬಣ್ಣಕ್ಕೆ ಸರಿಹೋದರೆ ಮಿಕ್ಕ ಬಣ್ಣಗಳಿಗೆ ಅಷ್ಟಾಗಿ ಹೊಂದುವುದಿಲ್ಲ, ಅದಕ್ಕೇ ಈಗ ಹಲವು ಪದರ ಹಾಕುತ್ತಾರೆ. ಅಷ್ಟಾದರೂ ಉಳಿಯುವ ಚೂರು ಬೆಳಕೇ ಕನ್ನಡಕದಲ್ಲಿ ಕಾಣುವ ಹಸಿರು ಛಾಯೆ. 1938ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕ್ಯಾಥರೀನ್ ಬ್ಲಾಡ್ಜೆಟ್, ಒಂದೊಂದೂ ಒಂದೇ ಅಣುವಿನಷ್ಟು ದಪ್ಪದ 44 ಪದರ ಕೂರಿಸಿ ಪ್ರತಿಫಲನವೇ ಇಲ್ಲದಂಥ ಗಾಜು ಮಾಡಿ ತೋರಿಸಿದರು. ಒರೆಸಿದರೆ ಅದು ಅಳಿಸಿಹೋಗುತ್ತಿತ್ತು. ಈಗಿನದು ನಿರ್ವಾತದಲ್ಲಿ ಆವಿ ಮಾಡಿ ಕೂರಿಸಿದ ಗಟ್ಟಿ ಆಕ್ಸೈಡು.

ನಮ್ಮ ಕಸುಬಿನವರಿಗೆ ಇದು ಹೊಸದೇನಲ್ಲ. ನಿಕಾನಿನ ದುಬಾರಿ ಲೆನ್ಸುಗಳ ಮೇಲಿನ ‘ಎನ್’ ಗುರುತು ನ್ಯಾನೋ ಕ್ರಿಸ್ಟಲ್ ಕೋಟಿಂಗಿನದು. ಕ್ಯಾನನ್ 2008ರಲ್ಲಿ 24 ಎಂಎಂ ಎಫ್ 1.4 ಲೆನ್ಸಿನ ಎರಡನೇ ಆವೃತ್ತಿಯಲ್ಲಿ ಗಾಜಿನ ಮೇಲೆ ಬೆಳಕಿನ ಅಲೆಗಿಂತಲೂ ಚಿಕ್ಕ ಗೂಟಗಳನ್ನು ನೆಟ್ಟು, ಗಾಳಿಯಿಂದ ಗಾಜಿಗೆ ಬೆಳಕು ಮೆಲ್ಲನೆ ಇಳಿಯುವಂತೆ ಮಾಡಿತು. ಪತಂಗದ ಕಣ್ಣಿನಲ್ಲಿ ಇರುವುದೂ ಅದೇ ಏರ್ಪಾಟು. ಕನ್ನಡಕಕ್ಕೆ ಅದು ಬೇಡ. ದಿನಾ ಒರೆಸಿದರೆ ಗೂಟಗಳೆಲ್ಲಿ ಉಳಿದಾವು?

ಇನ್ನು ಬ್ಲೂ ಕಟ್, ಅಂದರೆ ಪರದೆಯ ನೀಲಿ ಬೆಳಕನ್ನು ತಡೆಯುತ್ತದೆ ಅಂತ ಮಾರುವ ಲೆನ್ಸ್. ಕೌಂಟರಿನ ಹುಡುಗ ಬಿಡಲೇ ಇಲ್ಲ: “ಸರ್, ಇನ್ನ ಆರ್ನೂರು ಅಷ್ಟೇ ರೀ, ಮೊಬೈಲ್ ನೋಡೋರಿಗೆಲ್ಲಾ ಇದೇ ಕೊಡದು.” ಲೇಸರ್ ಪೆನ್ನು ತಗೊಂಡು ಮಾದರಿ ಲೆನ್ಸಿನ ಮೇಲೆ ಬಿಟ್ಟ, ಬೆಳಕು ಆಚೆಗೆ ಹೋಗಲಿಲ್ಲ. ನೋಡಲು ಚೆಂದ. ಅಂಥ ಪೆನ್ನುಗಳದ್ದು ಸಾಮಾನ್ಯವಾಗಿ 405 ನ್ಯಾನೋಮೀಟರಿನ ನೇರಳೆ ಬೆಳಕು. ಮೊಬೈಲಿನ ನೀಲಿ ಇರುವುದು 450ರ ಆಸುಪಾಸಿನಲ್ಲಿ. ಒಂದನ್ನು ತಡೆದು ತೋರಿಸಿದರೆ ಇನ್ನೊಂದನ್ನು ಅಷ್ಟೇ ತಡೆಯುತ್ತದೆಂದು ಆಗಲಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆ 2023ರಲ್ಲಿ 17 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಕಂಪ್ಯೂಟರ್ ಮುಂದೆ ಕೂರುವವರ ಕಣ್ಣಿನ ಆಯಾಸ ಈ ಲೆನ್ಸುಗಳಿಂದ ಅಲ್ಪಾವಧಿಯಲ್ಲಿ ತಗ್ಗುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ.

ನನಗೆ ಬೇಡವಾದ ಕಾರಣ ಬೇರೆ. ಎಷ್ಟೋ ಬ್ಲೂ ಕಟ್ ಲೆನ್ಸುಗಳಲ್ಲಿ ತೆಳು ಹಳದಿ ಇರುತ್ತದೆ. ಅದನ್ನು ಹಾಕ್ಕೊಂಡು ಆಲ್ಬಮ್ಮಿನ ಬಣ್ಣ ತಿದ್ದಲು ಕೂತರೆ ಮದುಮಗನ ಬಿಳಿ ಪಂಚೆ ಯಾವ ಬಿಳಿ ಅನ್ನುವುದೇ ತಿಳಿಯುವುದಿಲ್ಲ. ನೀಲಿಯನ್ನು ಹೊರಕ್ಕೆ ಎಸೆಯುವ ನಮೂನೆಯದಂತೂ ಗ್ರೂಪ್ ಫೋಟೋದಲ್ಲಿ ಮಾವನವರ ಎರಡೂ ಕಣ್ಣಿಗೆ ನೀಲಿ ಬಿಲ್ಲೆ ಅಂಟಿಸಿಬಿಡುತ್ತದೆ. ಅದನ್ನು ಅಳಿಸುತ್ತಾ ಕೂರುವವರು ನಾವು.

ಎ.ಆರ್.ಸಿ.ಯಲ್ಲೂ ಕಿರಿಕಿರಿ ಇದೆ. ಲೆನ್ಸ್ ಹೊಳೆಯದೇ ಇರುವುದರಿಂದ ಬೆರಳಿನ ಜಿಡ್ಡು ಎದ್ದು ಕಾಣುತ್ತದೆ. ಅಂಗಿಯ ಚುಂಗಿನಲ್ಲಿ ಒರೆಸುವ ಅಭ್ಯಾಸ ಬಿಡಬೇಕು. ನೀರಿನಲ್ಲಿ ತೊಳೆದು ಆಮೇಲೆ ಬಟ್ಟೆ ಮುಟ್ಟಿಸಿ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಲೇಬೇಡಿ. ಪ್ಲಾಸ್ಟಿಕ್ ಹಿಗ್ಗುವಷ್ಟು ಮೇಲಿನ ಆಕ್ಸೈಡ್ ಹಿಗ್ಗದು, ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಆಮೇಲೆ ಲೆನ್ಸ್ ಬದಲಿಸುವುದೊಂದೇ ದಾರಿ.

ಕನ್ನಡಕ ಕೈಗೆ ಬಂದಾಗ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿಯಿರಿ. ಮುಂದಿನ ಮುಖದ್ದೊಂದು, ಹಿಂದಿನದ್ದೊಂದು, ಎರಡು ಟ್ಯೂಬ್ ಕಾಣುತ್ತವೆ. ಎರಡೂ ಮಂಕು ಹಸಿರಾಗಿರಬೇಕು. ಒಂದು ಬೆಳ್ಳಗೆ ಹೊಳೆದರೆ ಕೋಟಿಂಗ್ ಒಂದೇ ಮುಖಕ್ಕೆ ಆಗಿದೆ ಅಂತ ಅರ್ಥ. ದುಡ್ಡು ಕೊಡುವ ಮೊದಲೇ ಕೇಳಿ.