ಕ್ರಿಟಾ: ಪುಕ್ಕಟೆ ಸಿಕ್ಕರೂ ಗಟ್ಟಿ ಸಾಫ್ಟ್‌ವೇರ್

ಹಾಸನದಲ್ಲಿ ಡಿಸೈನ್ ಕೆಲಸ ಅಂದರೆ ಮದುವೆ ಕಾರ್ಡು, ಫ್ಲೆಕ್ಸು, ಕಾಫಿಪುಡಿ ಪ್ಯಾಕೆಟ್ಟು. ಇದಕ್ಕೆಲ್ಲ ಸುಮ್ನೆ ಸಾಫ್ಟ್‌ವೇರಿಗೆ ತಿಂಗಳ ಬಾಡಿಗೆ ಕಟ್ಟೋದು ಯಾಕೆ ಅಂತ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕ್ರಿಟಾ ಹಾಕಿಕೊಂಡೆ. ಅವರ ವೆಬ್‌ಸೈಟಿನಿಂದ ಇಳಿಸಿಕೊಂಡರೆ ದುಡ್ಡಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಫೈಲ್ ಲೇಯರ್, ಅಂದರೆ ಬೇರೆ ಫೈಲಿನ ಚಿತ್ರವನ್ನು ಡಿಸೈನಿನಲ್ಲಿ ಒಂದು ಪದರವಾಗಿ (ಲೇಯರ್) ಜೋಡಿಸೋದು. ಬೇಲೂರಿನ ಶಿಲಾಬಾಲಿಕೆಯ ಪೆನ್ಸಿಲ್ ಚಿತ್ರ ಸ್ಕ್ಯಾನ್ ಮಾಡಿ ಪ್ಯಾಕೆಟ್ ಡಿಸೈನಿಗೆ ಹೀಗೆ ತಂದರೆ ಮೂಲ ಫೈಲು ಬೇರೆಯೇ ಉಳಿಯುತ್ತದೆ, ಅದನ್ನು ತಿದ್ದಿ ಸೇವ್ ಮಾಡಿದರೆ ಡಿಸೈನಿನಲ್ಲೂ ತಾನಾಗೇ ಬದಲಾಗುತ್ತದೆ. ಫೈಲನ್ನು ಬೇರೆ ಫೋಲ್ಡರಿಗೆ ಸಾಗಿಸಿದರೆ ಕೊಂಡಿ ತಪ್ಪುತ್ತದೆ, ಅಷ್ಟೇ.

ಚಿತ್ರದ ಆಕಾರ ಬದಲಿಸೋಕೆ ಕಂಟ್ರೋಲ್ ಮತ್ತು ಟಿ ಒತ್ತಿ. ತಿರುಗಿಸೋದು, ಹಿಗ್ಗಿಸೋದು, ಪರ್ಸ್‌ಪೆಕ್ಟಿವ್ (ದೂರಕ್ಕೆ ಹೋದಂತೆ ಕಿರಿದಾಗಿಸೋದು), ವಾರ್ಪ್ (ಬಾಗಿಸೋದು), ಕೇಜ್ (ಸುತ್ತ ಬೇಲಿ ಹಾಕಿ ಎಳೆಯೋದು) ಎಲ್ಲ ಒಂದೇ ಕಡೆ ಇವೆ. ಆದರೆ ಚಿತ್ರ ಬರೆದ ಪದರವನ್ನೇ (ಪೇಂಟ್ ಲೇಯರ್) ಹೀಗೆ ಪದೇ ಪದೇ ಹಿಗ್ಗಿಸಿ ಕುಗ್ಗಿಸಿದರೆ ಪ್ರತಿ ಸಲವೂ ಪಿಕ್ಸೆಲ್‌ಗಳು (ಚಿತ್ರದ ಚುಕ್ಕಿಗಳು) ಹೊಸದಾಗಿ ಲೆಕ್ಕವಾಗಿ ಗೆರೆ ಮಬ್ಬಾಗುತ್ತಾ ಹೋಗುತ್ತದೆ. ಅದಕ್ಕೇ ಟ್ರಾನ್ಸ್‌ಫಾರ್ಮ್ ಮಾಸ್ಕ್ ಹಾಕಿ, ಅಂದರೆ ಈ ಬದಲಾವಣೆಗಳನ್ನು ಚಿತ್ರದ ಮೇಲೆ ಬೇರೆಯಾಗಿ ಇಡುವ ಮುಸುಕು. ಚಿತ್ರ ಹಾಗೇ ಇರುತ್ತದೆ, ಗಿರಾಕಿ ನಾಳೆ ಬಂದು "ಸ್ವಲ್ಪ ಎಡಕ್ಕೆ ವಾಲಿಸಿ ಸಾರ್" ಅಂದರೂ ಮಾಸ್ಕ್ ಮಾತ್ರ ತಿದ್ದಿದರೆ ಸಾಕು.

ವಾಟ್ಸಾಪಿನಲ್ಲಿ ಬಂದ ಪುಟಾಣಿ ಲೋಗೋವನ್ನು ಯಾವ ಸಾಫ್ಟ್‌ವೇರೂ ಉದ್ಧಾರ ಮಾಡಲ್ಲ, ಅಲ್ವಾ? ಎ4 ಪ್ರಿಂಟಿಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಬೇಕೆಂದರೆ 2480×3508 ಪಿಕ್ಸೆಲ್ ಇರಬೇಕು. ಸ್ಕ್ಯಾನ್ ಮಾಡುವಾಗಲೇ ನೋಡಿಕೊಳ್ಳಿ.

ಪ್ರೆಸ್ಸಿಗೆ ಬೇಕಾದ ಸಿಎಂವೈಕೆ (ನಾಲ್ಕು ಶಾಯಿಯ) ಬಣ್ಣವೂ ಕ್ರಿಟಾದಲ್ಲಿ ಇದೆ. ಆದರೆ 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪಿನಲ್ಲಿ ಫ್ಲೆಕ್ಸ್ ಸೈಜಿನ ಫೈಲ್ ತೆರೆದು ಮಾಸ್ಕ್ ಮೇಲೆ ಮಾಸ್ಕ್ ಹಾಕಿದರೆ ಕಾಯುತ್ತಾ ಕೂರಬೇಕಾಗುತ್ತದೆ.